ಎಡೆಯ ಮುಂದೆ ನಾನಾಡಿದ ಸುಳ್ಳು

ಹಿರಿಯರ ಹಬ್ಬದ ದಿನ ಹಳ್ಳಿಮೈಸೂರಿನ ಅಜ್ಜಿಮನೆಯಲ್ಲಿ ನನ್ನ ತಮ್ಮನಿಗೆ ಹೆಣ್ಣು ಗೊತ್ತು ಮಾಡಿಬಿಟ್ಟೆ. ಅದೂ ಕೋಳಿಸಾರಿನಲ್ಲಿ ಮುದ್ದೆ ನುಂಗುತ್ತಾ!

ತಮ್ಮ ಇನ್ನೂ ಪಿಯುಸಿ. ಹೆಸರು ಕಿರಣ ಅಂತಿಟ್ಟುಕೊಳ್ಳಿ. (ಊರು, ಹೆಸರು ಬೇರೆ ಮಾಡಿದ್ದೇನೆ, ನನ್ನದೂ ಸೇರಿ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನು ವಾರವಾರ ಗೀಚುವುದನ್ನು ಮೊಬೈಲಿನಲ್ಲಿ ಟೈಪ್ ಮಾಡಿ ಪೇಪರಿಗೆ ಕಳಿಸುವವನು ಅವನೇ. ಇದು ಅಚ್ಚಾಗಲಿ ಅಂದವನೂ ಅವನೇ.)

ಹಬ್ಬಕ್ಕೆ ಸ್ವಲ್ಪ ಮೊದಲು, ಚನ್ನರಾಯಪಟ್ಟಣದ ನನ್ನ ಟೈಲರಿಂಗ್ ಅಂಗಡಿಗೆ ಬಂದು ಮೆಷಿನ್ ಪಕ್ಕ ಕೂತು ಹೇಳಿದ್ದ: "ಅಕ್ಕ, ನಂಗೆ ಹುಡ್ಗೀರ ಮೇಲೆ ಮನ್ಸು ಓಗಲ್ಲ. ಹುಡುಗ್ರ ಮೇಲೇ ಓಗೋದು. ಯಾರ್ಗೂ ಏಳ್ಬ್ಯಾಡ."

ಹೇಳುವುದಿಲ್ಲ ಅಂದೆ. ಹೇಳಲೂ ಇಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದೆ.

ಹಿರಿಯರಿಗೆ ಎಡೆ ಇಟ್ಟು, ಅದರ ಮುಂದೆಯೇ ಎಲ್ಲರೂ ಊಟಕ್ಕೆ ಕೂತಿದ್ದೆವು. ಮಾವ (ಅಮ್ಮನ ತಮ್ಮ) ಶುರು ಮಾಡಿದರು.

"ಏನ್ಲಾ, ಕಾಲೇಜಲ್ಲಿ ಒಂದ್ ಹೆಣ್ಣೂ ನಿನ್ ಕಡೆ ತಿರುಗ್ ನೋಡಲ್ವಾ? ಇಲ್ಲಾ ನೀನೇ ಹೆಣ್ಣಂಗೆ ನಾಚ್ಕತೀಯಾ?"

ಎಲ್ಲರೂ ನಕ್ಕರು. ಕಿರಣ ಮುದ್ದೆ ಮುರಿಯುತ್ತಲೇ ಇದ್ದ. ಬಾಯಿಗೆ ಹೋಗಲಿಲ್ಲ.

ನನಗೆ ಗಾಬರಿ. "ಅವ್ನ್ಯಾಕ್ ಬೇರೆಯೋರ್ನ ನೋಡ್ತಾನೆ ಮಾವ? ನಿಮ್ ಮಗ್ಳಿಲ್ವಾ?" ಅಂದುಬಿಟ್ಟೆ.

ಜೋಕು ಅಂತೀರಾ? ನಮ್ಮ ಕಡೆ ಸೋದರಮಾವನ ಮಗಳ ವಿಷಯ ಜೋಕಲ್ಲ. ಎಡೆಯ ಮುಂದೆ ಆಡಿದ ಮಾತಂತೂ ಹಿರಿಯರೇ ಕೇಳಿಸಿಕೊಂಡ ಹಾಗೆ. ಅಜ್ಜಿ ಎದ್ದು ಬಂದು ಮಾವನ ಕೈಗೆ ಎಲೆ ಅಡಿಕೆ ಇಟ್ಟೇಬಿಟ್ಟರು.

"ಇಬ್ರದೂ ಓದು ಮುಗೀಲಿ, ಆಮ್ಯಾಕೆ ಮದ್ವೆ. ಮಾತು ಮಾತೇ ಕಣ್ಲಾ."

ವಾಪಸ್ ಬರುವಾಗ ಬಸ್ಸಿನಲ್ಲಿ ಕಿರಣ ಕೇಳಿದ್ದು ಒಂದೇ. "ಅಕ್ಕ, ನೀನು ಕಾಪಾಡಿದ್ದು ನನ್ನಾ, ಮನೆ ಮರ್ವಾದಿನಾ?"

ಉತ್ತರ ಗೊತ್ತಿತ್ತು.

ಕಳೆದ ಭಾನುವಾರ ಒಬ್ಬಳೇ ಹಳ್ಳಿಮೈಸೂರಿಗೆ ಹೋದೆ. ಅಜ್ಜಿ, ಮಾವ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ: "ಅವತ್ತು ನಾನಾಡಿದ್ದು ಸುಳ್ಳು. ಅವ್ನನ್ನ ಕೇಳ್ದಂಗೇ ಆಡ್ದೆ. ಆ ಮಾತು ವಾಪಸ್ ತಗೋತೀನಿ."

ಮಾವ ಟವೆಲ್ ಕೊಡವಿ ಎದ್ದು ಹೋದರು. ಅಜ್ಜಿ ಬಿಡಲಿಲ್ಲ.

"ಹಿರೀಕ್ರು ಸುಮ್ಕೆ ಬುಟ್ಟಾರಾ?"

"ಸುಳ್ಳಾಡಿದ್ದು ನಾನು. ನನ್ ಮೇಲೆ ಕ್ವಾಪ ಮಾಡ್ಕಳ್ಳಿ."

"ಇವ್ಳು ಬ್ಯಾಡಾಂದ್ರೆ ಇನ್ಯಾರ್ ಬೇಕಂತೆ ಅವ್ನಿಗೆ?"

"ಅದ್ನ ಅವ್ನೇ ಏಳ್ತಾನೆ ಅಜ್ಜಿ. ಏಳ್ಬೇಕು ಅನ್ನಿಸ್ದಾಗ."

ಅಡುಗೆಮನೆ ಬಾಗಿಲಲ್ಲಿ ಮಾವನ ಮಗಳು ನಿಂತಿದ್ದಳು. ಒಂದು ಲೋಟ ಮಜ್ಜಿಗೆ ತಂದುಕೊಟ್ಟು, ನನ್ನ ಕೈ ಒತ್ತಿ ಹೋದಳು. (ಅವಳನ್ನಾದರೂ ಯಾರು ಕೇಳಿದ್ದರು?)

ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ. ಮುಂದಿನ ಹಬ್ಬಕ್ಕೂ ಹೋಗುತ್ತೇನೆ, ಕಿರಣನ ಪಕ್ಕದಲ್ಲೇ ಕೂರುತ್ತೇನೆ. ಯಾರಾದರೂ ಕೆಣಕಿದರೆ, "ಅವ್ನ ಪಾಡಿಗೆ ಅವ್ನು ಉಣ್ಲಿ ಬುಡಿ" ಅನ್ನುತ್ತೇನೆ.

ಅವತ್ತೂ ಇಷ್ಟೇ ಅಂದಿದ್ದರೆ ಸಾಕಿತ್ತಲ್ಲವೇ?