ಮೂರನೇ ಬೆಲ್ ಆದಮೇಲೆ

ನಮ್ಮ ನಾಟಕದ ಹಾಲ್‌ನ ಬಾಗಿಲು ಕಾಯುವವನಿಗೆ ಅವರಪ್ಪ ಏನೋ ಒಂದು ಹೆಸರಿಟ್ಟಿರಬೇಕು. ಊರ ಬಾಯಲ್ಲಿ ಅವನು ‘ಮೂರನೇ ಬೆಲ್’. ಮೂರನೇ ಬೆಲ್ ಹೊಡೆಯಿತೋ, ಬಾಗಿಲು ಮುಚ್ಚಿತು. ಆಮೇಲೆ ಭೂಕಂಪ ಬಂದರೂ ಅದು ಹೊರಗೇ ನಿಂತು ಮುಂದಿನ ಆಟಕ್ಕೆ ಕಾಯಬೇಕು. ಮೂವತ್ತೊಂದು ವರ್ಷದಲ್ಲಿ ಅವನು ಹೊರಗಟ್ಟಿದವರನ್ನು ಸಾಲಾಗಿ ನಿಲ್ಲಿಸಿದರೆ ಸಾಲು ಸಮುದ್ರ ದಾಟಿ ಆಚೆ ದಡದಲ್ಲಿ ಎರಡು ಸುತ್ತು ಹಾಕೀತು. ಮದುವೆಯೂ ಆಗಲಿಲ್ಲ. ಹೆಣ್ಣಿನ ಕಡೆಯವರು ಮಾತುಕತೆಗೆ ಹತ್ತು ನಿಮಿಷ ತಡವಾಗಿ ಬಂದರಂತೆ. ಜನ ಹೇಳುವ ಮಾತು, ನಾನಂತೂ ನಂಬುತ್ತೇನೆ.

ಈ ನಿಯಮ ಮಾಡಿದವಳು ಅವನ ಅಕ್ಕ, ಆ ಹಾಲ್‌ನ ಹೆಸರಾಂತ ನಟಿ. ಒಂದು ಸಲ ಆಕೆ ರಂಗದ ಮೇಲೆ ಸತ್ತು ಮಲಗಿದ್ದಾಗ, ತಡವಾಗಿ ಬಂದ ಯಾರೋ ಪುಣ್ಯಾತ್ಮ ಸೀಟು ಹುಡುಕುತ್ತಾ ಟಾರ್ಚನ್ನು ಅವಳ ಮುಖಕ್ಕೇ ಬಿಟ್ಟ. ಹೆಣ ಕಣ್ಣುಜ್ಜಿಕೊಂಡಿತು. ಹಾಲ್ ಬಿದ್ದು ಬಿದ್ದು ನಕ್ಕಿತು. ಅಂದೇ ತಮ್ಮನನ್ನು ಕರೆದು, “ಇನ್ನು ಮೂರನೇ ಬೆಲ್ ಆದ್ಮೇಲೆ ಒಂದು ನೊಣ ಒಳಗೆ ಬಂದ್ರೂ ನಿನ್ನ ಚರ್ಮ ಸುಲೀತೀನಿ ಕಣೋ” ಅಂದಳು. ತಮ್ಮನಿಗೆ ಅದು ಕಲ್ಲಿನ ಮೇಲೆ ಕೆತ್ತಿದ ಮಾತಾಯಿತು.

ಈಗ ಅಕ್ಕನ ಮಂಡಿ ಸವೆದಿತ್ತು. ಮೆಟ್ಟಿಲು ಹತ್ತಲೇಕೂಡದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಒಂದೇ ಒಂದು ಕೊನೆಯ ನಾಟಕ, ಒಂದೇ ಒಂದು ಆಸೆ: ಒಂದು ಸೀಟೂ ಖಾಲಿ ಇರಬಾರದು. ಇನ್ನೂರ ಹತ್ತು ಟಿಕೆಟ್ಟೂ ಹೋಗಿದ್ದವು. ಟಿಕೆಟ್ಟಿನ ಮೇಲೆ ಸೀಟಿನ ನಂಬರ್ ಮಾತ್ರ. ಹೊತ್ತು ಹಾಲ್‌ನ ಗೋಡೆಯ ಬೋರ್ಡಿನಲ್ಲಿ. ಹೊತ್ತು ಗೊತ್ತಿಲ್ಲದವನಿಗೆ ನಾಟಕ ಯಾಕೆ ಬೇಕು ಎಂಬುದು ಬೆಲ್ಲಿನ ವಾದ.

ಅಂದು ಮಧ್ಯಾಹ್ನ ಆಫೀಸಿನ ಹುಡುಗಿ ಫೋನ್ ಹಿಡಿದು ಓಡಿಬಂದಳು. “ಸಾರ್, ಫೋನಲ್ಲಿ ನಮ್ಮ ನಾಟಕ ಹುಡುಕಿದ್ರೆ ಏಳೂವರೆ ಅಂತ ತೋರಿಸ್ತಿದೆ! ಹೋದ ವರ್ಷದ ಆಟದ ಹೊತ್ತು. ನಮ್ಮ ಪುಟದಲ್ಲಿ ಆರೂವರೆ ಅಂತಾನೇ ಹಾಕಿದೀನಿ. ಇದು ಮಾತ್ರ ಹಳೇದನ್ನೇ ಕಚ್ಕೊಂಡು ಕೂತಿದೆ.”

“ಫೋನ್ ಮಾಡಿ ಉಗಿ.”

“ಅದಕ್ಕೆ ಫೋನ್ ನಂಬರ್ ಇಲ್ಲ ಸಾರ್.”

“ಜಗತ್ತಿನ ನಂಬರೆಲ್ಲ ಇಟ್ಕೊಂಡಿರೋ ಪಿಶಾಚಿಗೆ ತನ್ನ ನಂಬರೇ ಇಲ್ವಾ?”

“ಅಕ್ಕನಿಗೆ ಹೇಳಿ ಒಂದು ಗಂಟೆ ಮುಂದಕ್ಕೆ ಹಾಕೋಣ್ವಾ?”

“ಅದು ಹೇಳಿದ ಹೊತ್ತಿಗೆ ನಾಟಕ ಶುರು ಮಾಡೋಕೆ ಅದೇನು ನಮ್ಮ ಮಾವನಾ? ಅಕ್ಕನ ಕಿವಿಗೆ ಬಿತ್ತೋ, ನಿನ್ನನ್ನೂ ಹೊರಗೆ ಹಾಕ್ತೀನಿ.”

ಆರೂವರೆಗೆ ಮೂರನೇ ಬೆಲ್ ಹೊಡೆಯಿತು. ಒಳಗೆ ಏಳು ಜನ, ನನ್ನನ್ನೂ ಸೇರಿಸಿ. ಬೋರ್ಡು ಓದುವ ಕಾಲದವರು. ಪರದೆ ಎದ್ದಾಗ ಅಕ್ಕ ಖಾಲಿ ಕುರ್ಚಿಗಳನ್ನು ನೋಡಿದ ನೋಟ ಇನ್ನೂ ನನ್ನ ಎದೆಯಲ್ಲಿ ಮುಳ್ಳಾಗಿದೆ. ಆದರೂ ಮಾತು ಒಂದೂ ತಪ್ಪಲಿಲ್ಲ. ಏಳೂಕಾಲು ದಾಟಿದ್ದೇ ತಡ, ಹೊರಗೆ ಗದ್ದಲ ಎದ್ದಿತು. ಬಾಗಿಲಿಗೆ ಗುದ್ದು ಬಿದ್ದ ರಭಸಕ್ಕೆ ಪಕ್ಕದ ಬೀದಿಯ ಬೀಗಗಳು ತಾವಾಗಿಯೇ ಕಳಚಿ ಬಿದ್ದವು.

“ಏಳೂವರೆ ಅಂತ ಇದೆ ರೀ, ನೋಡ್ರೀ ಇಲ್ಲಿ!” ಎಂದ ಒಬ್ಬ.

“ಆ ಫೋನಲ್ಲೇ ನಾಟಕ ನೋಡ್ಕೋ ಹೋಗು.”

“ಮನುಷ್ಯನೋ ಅಗುಳಿಯೋ ನೀನು?” ಹೆಂಗಸೊಬ್ಬಳ ದನಿ.

ರಂಗದ ಮೇಲೆ ಅಕ್ಕ ಮಾತು ನಿಲ್ಲಿಸಿದಳು. “ಯಾರೋ ಅದು?”

“ತಡವಾಗಿ ಬಂದೋರು.”

“ಎಷ್ಟು ಜನ?”

ಬೆಲ್ ಅಗುಳಿಯನ್ನು ಇನ್ನಷ್ಟು ಬಿಗಿಮಾಡಿದ. ಆಫೀಸಿನ ಹುಡುಗಿಗೆ ತಡೆಯಲಾಗಲಿಲ್ಲ. “ಎಲ್ರೂ ಬಂದಿದಾರೆ ಅಕ್ಕಾ! ಹೊತ್ತು ತಪ್ಪಾಗಿ ತೋರಿಸಿತ್ತು. ಇವರಿಗೆ ಮಧ್ಯಾಹ್ನವೇ ಹೇಳಿದ್ದೆ.”

ಅಕ್ಕ ತಮ್ಮನನ್ನು ದಿಟ್ಟಿಸಿದಳು. ಆ ನೋಟ ತಗುಲಿದ್ದರೆ ಆನೆಯೂ ಇಲಿಬಿಲ ಹುಡುಕುತ್ತಿತ್ತು.

“ಬಾಗಿಲು ತೆಗೀ.”

“ಆಟ ನಡೀತಿದೆ. ತೆಗೆಯಲ್ಲ. ನೀನೇ ಹೇಳಿದ್ದು.”

ಆಕೆ ವಾದಕ್ಕಿಳಿಯಲಿಲ್ಲ. ನಮ್ಮ ಕಡೆ ತಿರುಗಿ, “ನೀವು ಏಳು ಜನ, ಮೊದಲಿಂದ ಇನ್ನೊಂದು ಸಲ ನೋಡ್ತೀರಾ?” ಅಂದಳು. ಒಬ್ಬ ಬಸ್ಸು ಹೋಗುತ್ತದೆಂದು ಗೊಣಗಿದ. ಉಳಿದವರು ಅವನ ಅಂಗಿ ಜಗ್ಗಿ ಕೂರಿಸಿದೆವು. ಅಕ್ಕ ಪರದೆ ಇಳಿಸಿದಳು. ಕುಂಟುತ್ತಾ ಹೋಗಿ ತಾನೇ ಮೊದಲನೇ ಬೆಲ್ ಒತ್ತಿದಳು. ಇನ್ನು ಅವನಿಗೆ ನೆಪವಿರಲಿಲ್ಲ. ಬಾಗಿಲು ತೆಗೆದ. ಜನ ಒಬ್ಬೊಬ್ಬರಾಗಿ ಅವನಿಗೆ ಬೈದೇ ಒಳಬಂದರು. ಇಬ್ಬರು ಕಾಲೂ ತುಳಿದರು, ಬೇಕೆಂದೇ. ಏಳೂವರೆಗೆ ಸರಿಯಾಗಿ ಮೂರನೇ ಬೆಲ್.

ಬಾಗಿಲು ಮುಚ್ಚಿದ ಮೇಲೆ ಹುಡುಗಿ ಪಿಸುಗುಟ್ಟಿದಳು: “ಸಾರ್, ಈಗ ಸರಿ ಆಯ್ತು. ಆರೂವರೆ ಅಂತ ತೋರಿಸ್ತಿದೆ.” ಅವನು ಹಲ್ಲು ಕಡಿದದ್ದು ಬಾಗಿಲ ಪಕ್ಕದ ಕೊನೆಯ ಸಾಲಿನಲ್ಲಿದ್ದ ನನಗೂ ಕೇಳಿಸಿತು.

ಒಂದೂವರೆ ನಾಟಕ ಆಡಿದ ಮಂಡಿಗಳು ಅವು. ಕೊನೆಯ ದೃಶ್ಯದಲ್ಲಿ ಮೂರು ಮೆಟ್ಟಿಲು ಹತ್ತಬೇಕಿತ್ತು; ಎರಡನ್ನು ನಿಂತು ಹತ್ತಿದಳು, ಮೂರನೆಯದನ್ನು ಕೈಯೂರಿ ತೆವಳಿ. ನಟನೆಯೆಂದು ತಿಳಿದು ಇನ್ನೂರ ಹತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೂರಿನ ಧೂಳು ಆ ವಾರವೆಲ್ಲ ಉದುರಿತು.

ಪರದೆ ಬಿದ್ದ ಮೇಲೆ ಆಕೆಗೆ ಏಳಲಾಗಲಿಲ್ಲ. ತಡವಾಗಿ ಬಂದವರಲ್ಲೇ ಇಬ್ಬರು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೊರಟರು. ಬಾಗಿಲ ಬಳಿ ತಮ್ಮ ಕೈ ಚಾಚಿದ.

“ಅಕ್ಕಾ, ನಾನು ಹಿಡ್ಕೊಳ್ಳಲಾ?”

“ಬೇಡ. ನೀನು ಬಾಗಿಲು ಹಿಡ್ಕೋ.”