ನನ್ನ ಕೈ ನೋಡಿ ಹೊರಟ ಡ್ರೈವರ್

ನಮ್ಮ ಡ್ರೈವರನ ಕುತ್ತಿಗೆ ಅವನ ತಲೆಗಿಂತ ಅಗಲವಾಗಿತ್ತು. ಕಿವಿಯ ಕೆಳಗಿನಿಂದ ನೇರವಾಗಿ ಹೆಗಲಿಗೆ ಇಳಿಯುತ್ತಿತ್ತು. ಅಂಗಿಯ ಮೇಲಿನ ಗುಂಡಿ ಎಂದೂ ಕೂಡುತ್ತಿರಲಿಲ್ಲ. ರೇಸಿನ ಕಾರು ತಿರುವಿಗೆ ಬಿದ್ದಾಗ ತಲೆ ಪಕ್ಕಕ್ಕೆ ಕಿತ್ತುಹೋಗಲು ನೋಡುತ್ತದೆ. ಅದನ್ನು ಗಂಟೆಗಟ್ಟಲೆ ಹಿಡಿದಿಟ್ಟು ಹಿಡಿದಿಟ್ಟು ಆ ಕುತ್ತಿಗೆ ಹಾಗಾಗಿತ್ತು. ಮುಂದೊಮ್ಮೆ ಅವನು ನಿಂಬರ್ಗಾದ ನಮ್ಮ ಮನೆಗೆ ಬಂದಾಗ ನಮ್ಮವ್ವ ಅದನ್ನು ಮುಟ್ಟಿ ನೋಡಿ, “ನೊಗ ಹೊತ್ತ ಎತ್ತಿನ ಹೆಗಲು ಇದ್ದಂಗ ಅದಲ್ಲೋ” ಎಂದಳು.

ಅವನು ಇಟಲಿಯವನು. ಕಾರು ಓಡಿಸಿ ಗೆಲ್ಲುವುದೇ ಅವನ ಕಸುಬು. ನಾನು ಸೈನ್ಯದಲ್ಲಿ ಗಾಡಿ ದುರಸ್ತಿ ಮಾಡಿಕೊಂಡು ಹದಿನೇಳು ವರ್ಷ ಇದ್ದವನು. ನಿವೃತ್ತನಾದ ಮೇಲೆ ಗಲ್ಫಿನ ಒಂದು ರೇಸ್ ತಂಡಕ್ಕೆ ಚಕ್ರ ಬದಲಿಸುವವನಾಗಿ ಹೋದೆ. ಸೈನ್ಯ ನನಗೆ ಕಲಿಸಿದ್ದು ಒಂದೇ: ಒಂದು ಕೆಲಸವನ್ನು ದಿನವೂ ಒಂದೇ ಕ್ರಮದಲ್ಲಿ ಮಾಡು, ಕ್ರಮ ತಪ್ಪಿಸಬೇಡ. ಐದಕ್ಕೆ ಏಳುತ್ತಿದ್ದೆ. ನಟ್ಟು ಬಿಚ್ಚುವ ಪಾನಾಗಳನ್ನು ಅಳತೆಯ ಪ್ರಕಾರ ಎಡದಿಂದ ಬಲಕ್ಕೆ ಜೋಡಿಸುತ್ತಿದ್ದೆ. ಈಗಲೂ ಹಾಗೆಯೇ.

ಹಿಂದಿನ ಚಕ್ರಕ್ಕೆ ಅಫಜಲಪುರ ತಾಲೂಕಿನ ಗೊಬ್ಬೂರಿನವನೊಬ್ಬ ಇದ್ದ. ಅವನನ್ನು ನಾನು ಭಾಯಿ ಎನ್ನುತ್ತಿದ್ದೆ, ಅವನಿಗೆ ನಾನು ಅಣ್ಣ. ಡ್ರೈವರನಿಗೆ ಗಲ್ಫಿನ ಹರಕು ಹಿಂದಿ ಬರುತ್ತಿತ್ತು. ಕನ್ನಡ ಕಲಿಸಿದವನು ಭಾಯಿ. ಮೊದಲ ವಾರ ಬೈಗುಳಗಳನ್ನು ಕಲಿಸಿದ. ನಾನು ಗದರಿದ ಮೇಲೆ ಎರಡು ಒಳ್ಳೆಯ ಮಾತು ಕಲಿಸಿದ. ಒಂದು, “ಹೌದ್ರಿ”. ಇನ್ನೊಂದು, “ಮಾರಿ ನೋಡಂಗಿಲ್ಲ, ಕೈ ನೋಡ್ತೇನಿ”, ಅಂದರೆ ಮುಖ ನೋಡುವುದಿಲ್ಲ, ಕೈ ಮಾತ್ರ. ಪ್ರತಿ ಸಲ ಹೆಲ್ಮೆಟ್ ಹಾಕಿಕೊಳ್ಳುವ ಮುನ್ನ ಡ್ರೈವರ್ ನನ್ನ ಕಡೆ ತಿರುಗಿ ಈ ಎರಡನೆಯದನ್ನು ಹೇಳುತ್ತಿದ್ದ. ಅದು ನಮ್ಮ ಕೆಲಸದ ಕಾನೂನಾಗಿತ್ತು.

ಆ ಕಾನೂನು ಹೀಗೆ. ರೇಸಿನ ನಡುವೆ ಕಾರು ಚಕ್ರ ಬದಲಿಸಲು ಬಂದು ನಿಲ್ಲುತ್ತದೆ. ಪ್ರತಿ ಚಕ್ರಕ್ಕೆ ನಡುವೆ ಒಂದೇ ಒಂದು ದೊಡ್ಡ ನಟ್ಟು. ಗಾಳಿಯ ಗನ್ನಿನಿಂದ ಅದನ್ನು ಬಿಚ್ಚಿ, ಹೊಸ ಚಕ್ರ ಹಾಕಿ ಬಿಗಿಯಬೇಕು. ನಾಲ್ಕೂ ಗನ್ನು ನಿಂತೊಡನೆ ಭಾಯಿ ಜ್ಯಾಕ್ ಇಳಿಸುತ್ತಿದ್ದ. ಕೊನೆಯ ಕೆಲಸ ಬಲಮುಂದಿನ ಚಕ್ರದವನಾದ ನನ್ನದು. ನಟ್ಟು ಪೂರ್ತಿ ಕೂತಿದ್ದರೆ ಅದರ ನಡುವಿನ ಕೆಂಪು ಬೀಗ ಹೊರಗೆ ಚಿಮ್ಮಿರುತ್ತದೆ. ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ಕಾರಿನ ಮುಂದೆ ಪಕ್ಕಕ್ಕೆ ಬಂದು, ಬಲಗೈ ಎತ್ತಬೇಕು. ಆ ಕೈ ಏಳುವ ತನಕ ಡ್ರೈವರ್ ಹೊರಡುವಂತಿಲ್ಲ. ಎದ್ದ ಮೇಲೆ ಒಂದು ಕ್ಷಣವೂ ನಿಲ್ಲುವಂತಿಲ್ಲ.

ನಮ್ಮ ಡ್ರೈವರನ ಅಪ್ಪ ಅಮೃತಶಿಲೆ ಸಾಗಿಸುವ ಲಾರಿ ಓಡಿಸುತ್ತಿದ್ದ. ಮಗನಿಗೆ ಏಳು ವರ್ಷವಾದಾಗ ಹಳೆಯ ಎಂಜಿನ್ನು ಕೂರಿಸಿ ಪುಟ್ಟ ರೇಸ್ ಗಾಡಿ ಮಾಡಿಕೊಟ್ಟ. ಮೊದಲನೆಯವನಾಗಿ ಬಂದರೆ ಊಟ, ಎರಡನೆಯವನಾಗಿ ಬಂದರೆ ಬೆಲ್ಟು. ಬೆನ್ನಿನ ಮೇಲೆ ಬಕಲ್ಲಿನ ಗುರುತುಗಳಿದ್ದವು. ಅಂಗಿ ಬಿಚ್ಚಿದಾಗ ನಾನೇ ನೋಡಿದ್ದೇನೆ. ಹತ್ತೊಂಬತ್ತಕ್ಕೆ ಒಬ್ಬರೇ ಕೂರುವ ವೇಗದ ಕಾರುಗಳಿಗೆ ಬಂದ. ಒಂದು ರೇಸಿನಲ್ಲಿ ಅವನ ಜೊತೆಯಲ್ಲೇ ಬೆಳೆದ ಗೆಳೆಯನ ಕಾರು ಗೋಡೆಗೆ ಬಡಿದು ಎರಡು ಹೋಳಾಯಿತು. ರೇಸು ನಿಲ್ಲಿಸಲಿಲ್ಲ. ತಾಡಪತ್ರಿ ಹೊದಿಸಿದ ಆ ಕಾರಿನ ಪಕ್ಕದಲ್ಲೇ ಇವನು ಹತ್ತು ಸುತ್ತು ಹಾಯ್ದುಹೋಗಿ ಗೆದ್ದ. ಬಹುಮಾನದ ಮೆಟ್ಟಿಲು ಹತ್ತದೆ, ಗೆದ್ದವನಿಗೆಂದು ಇಟ್ಟಿದ್ದ ಬಟ್ಟಲನ್ನೇ ಎತ್ತಿಕೊಂಡು ಸಂಘಟಕನ ಕಾರಿನ ಗಾಜುಗಳನ್ನೆಲ್ಲ ಒಡೆದು ಹಾಕಿದನಂತೆ. ಅಲ್ಲಿಂದ ಅವನಿಗೆ ದೊಡ್ಡ ಬಾಗಿಲುಗಳು ಮುಚ್ಚಿದವು. ಆಮೇಲಿನದೆಲ್ಲ ನಮ್ಮಂಥ ಖಾಸಗಿ ತಂಡಗಳ ಕೂಲಿ. ಶ್ರೀಮಂತ ಹವ್ಯಾಸಿಯೊಬ್ಬ ಒಂದು ಗಂಟೆ ಓಡಿಸಿ ಕಳೆದುಕೊಂಡ ಜಾಗವನ್ನು ಇವನು ಮುಂದಿನ ಎರಡು ಗಂಟೆ ಓಡಿಸಿ ಕಿತ್ತುಕೊಂಡು ಬರಬೇಕು.

ಕಿತ್ತುಕೊಂಡೇ ಬರುತ್ತಿದ್ದ. ಒಂದು ಸಲ ಬಾಗಿಲು ಹರಿದುಹೋದ ಕಾರನ್ನು ಹಾಗೆಯೇ ಓಡಿಸಿ ಗೆದ್ದ. ಇಳಿದಾಗ ಬಲ ಮೊಣಕೈ ಸುಲಿದು ಮಾಂಸ ಕಾಣುತ್ತಿತ್ತು. ಇನ್ನೊಂದು ಸಲ ತನ್ನನ್ನು ಗೋಡೆಗೆ ಒತ್ತಿದವನನ್ನು ರೇಸು ಮುಗಿದ ಮೇಲೆ ಬೆಲ್ಟು ಹಿಡಿದು ಕಾರಿನಿಂದ ಹೊರಗೆಳೆದು, ನಾವು ಆರು ಜನ ಬಿಡಿಸುವ ತನಕ ಹೊಡೆದ. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ಆಮೇಲೆ ಎಸೆದದ್ದನ್ನೆಲ್ಲ ತಾನೇ ಹೆಕ್ಕಿ, ನನ್ನ ಪಾನಾಗಳನ್ನು ಅಳತೆಯ ಪ್ರಕಾರವೇ ಜೋಡಿಸಿಡುತ್ತಿದ್ದ. ಆ ಒಂದು ಗುಣಕ್ಕೆ ನಾನು ಅವನನ್ನು ಎಲ್ಲ ಸಲವೂ ಕ್ಷಮಿಸಿದೆ.

ಆ ದಿನದ ರೇಸು ಆರು ಗಂಟೆಗಳ ಕಾಲ ಓಡುವಂಥದು. ಬೆಳಿಗ್ಗೆ ಚಕ್ರ ಬದಲಿಸುವ ಅಭ್ಯಾಸ ನಡೆಯಿತು. ಎದುರಾಳಿ ತಂಡ ನಮಗಿಂತ ಎರಡು ಸೆಕೆಂಡು ಮುಂದಿತ್ತು. ಡ್ರೈವರ್ ಇಳಿದು ಬಂದು ನನ್ನ ಎದುರು ನಿಂತ.

“ಆ ಬೀಗ ಮುಟ್ಟಿ ನೋಡುವುದನ್ನು ಬಿಡು. ಗನ್ನು ನಿಂತರೆ ಕೈ ಎತ್ತು.”

“ಆಗುವುದಿಲ್ಲ ಸಾಹೇಬ,” ಎಂದೆ. “ಕ್ರಮ ಎಂದರೆ ಕ್ರಮ.”

“ನೀನು ಕ್ರಮ ನೋಡುತ್ತಾ ಕೂತರೆ ನಾನು ಸೋಲುತ್ತೇನೆ.”

“ಮುಟ್ಟದೆ ನಾನು ಕೈ ಎತ್ತುವುದಿಲ್ಲ.”

ಅವನ ಕೈಯಲ್ಲಿ ಹೆಲ್ಮೆಟ್ ಇತ್ತು. ಬೀಸಿ ಹೊಡೆದ. ಮುಖಕ್ಕೆ ಬರುತ್ತಿತ್ತು. ಬಲಗೈ ಅಡ್ಡ ಹಿಡಿದೆ. ಮಣಿಕಟ್ಟಿನಲ್ಲಿ ಒಣ ತೊಗರಿಕಟ್ಟಿಗೆ ಮುರಿದಂಥ ಸದ್ದಾಯಿತು. ಅವನು ಒಂದು ಕ್ಷಣ ನನ್ನ ಕೈಯನ್ನೇ ನೋಡಿ, ತಿರುಗಿ ಹೊರಟುಹೋದ.

ಗೋದಾಮಿನ ಹಿಂದೆ ಭಾಯಿ ಪಟ್ಟಿ ಸುತ್ತಿದ.

“ಅಣ್ಣಾ, ಕೈ ಬಾತದ ನೋಡ್ರಿ. ತಂಡದ ಮುಖ್ಯಸ್ಥಗ ಹೇಳ್ರಿ, ಬ್ಯಾರೆಯವ್ರು ನಿಲ್ತಾರ.”

“ಬ್ಯಾರೆಯವ ನಿಂತನಂದ್ರ ನಾಳೆ ನನಗ ಊರಿಗಿ ಹೋಗಂತಾರೋ. ಬಿಗಿಯಾಗಿ ಕಟ್ಟು.”

“ಗನ್ನು ಹಿಡಿಯಾಕ ಬರ್ತದೇನು?”

“ಬರ್ತದ. ಕಟ್ಟು.”

ಭಾಯಿ ಕಟ್ಟಿದ. ಮೇಲೆ ಕೈಗವಸು ಹಾಕಿಕೊಂಡೆ.

ಮೂರನೆಯ ಸಲ ಕಾರು ಬಂದು ನಿಂತಾಗ ನಾವು ಎರಡನೆಯ ಸ್ಥಾನದಲ್ಲಿದ್ದೆವು. ಮೊದಲನೆಯವನು ಪಕ್ಕದಲ್ಲೇ ಚಕ್ರ ಬದಲಿಸಿಕೊಳ್ಳುತ್ತಿದ್ದ. ನಮ್ಮ ಡ್ರೈವರ್ ಒಳಗಿನಿಂದ ಕಿರುಚುತ್ತಿದ್ದ. ಸ್ಟೀರಿಂಗಿಗೆ ಮುಷ್ಟಿಯಿಂದ ಗುದ್ದುತ್ತಿದ್ದ. ಹೊಸ ಚಕ್ರ ಕೂರಿಸಿ ಗನ್ನು ಒತ್ತಿದೆ. ಅದು ಒದ್ದಾಗ ನೋವು ಹಲ್ಲಿನ ತನಕ ಏರಿತು. ಗನ್ನು ಓರೆಯಾಯಿತು. ನಟ್ಟು ಓರೆಯಲ್ಲೇ ಕಚ್ಚಿಕೊಂಡಿರಬೇಕು. ಗನ್ನು ನಿಂತಿತು. ಭಾಯಿ ಜ್ಯಾಕ್ ಇಳಿಸಿದ. ಕೆಂಪು ಬೀಗ ನನ್ನ ಬೆರಳಿನಿಂದ ಒಂದು ಗೇಣು ದೂರದಲ್ಲಿತ್ತು.

ನಾನು ಮುಟ್ಟಲಿಲ್ಲ. ಮುಂದೆ ಬಂದು ಕೈ ಎತ್ತಿದೆ.

ಅವನು ನನ್ನ ಮುಖ ನೋಡಲಿಲ್ಲ, ಕೈ ನೋಡಿದ. ಹೊರಟ.

ಎರಡನೆಯ ತಿರುವಿನಲ್ಲಿ ಬಲಮುಂದಿನ ಚಕ್ರ ಕಾರಿನಿಂದ ಬೇರೆಯಾಗಿ ಬೇಲಿಯ ಮೇಲಿಂದ ಮರಳಿಗೆ ಹಾರಿತು. ಕಾರು ಮೂತಿ ಮುಂದಾಗಿ ಗೋಡೆಗೆ ಬಡಿಯಿತು. ತಗಡು ಹರಿಯುವ ಸದ್ದು ನಮ್ಮ ತನಕ ಬಂತು. ಅದರ ಹಿಂದೆಯೇ ಬೆಂಕಿ. ಬೆಲ್ಟು ಸಿಕ್ಕಿಕೊಂಡಿತ್ತು. ಉರಿಯುತ್ತಿದ್ದ ಬಾಗಿಲನ್ನು ಅವನು ಎಡಗೈಯಿಂದ ನೂಕುತ್ತಲೇ ಇದ್ದ. ಹೊರಗೆ ಉರುಳಿದಾಗ ಕೈಗವಸು ಮತ್ತು ಚರ್ಮ ಒಂದಾಗಿದ್ದವು. ಮೂರು ಬೆರಳು ಮತ್ತೆಂದೂ ಬಿಡಿಬಿಡಿಯಾಗಲಿಲ್ಲ.

ಮೂರನೆಯ ದಿನ ಅಧಿಕಾರಿಗಳು ಆಸ್ಪತ್ರೆಗೆ ಕಾಗದ ಹಿಡಿದುಕೊಂಡು ಬಂದರು. ತಂಡದ ಮುಖ್ಯಸ್ಥನ ಜೊತೆ ನಾನೂ ಬಾಗಿಲಲ್ಲಿ ನಿಂತಿದ್ದೆ. ಎಲ್ಲ ಹೇಳಿಬಿಡಬೇಕೆಂದೇ ಹೋಗಿದ್ದೆ. ಡ್ರೈವರ್ ನನ್ನನ್ನು ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಹೇಳಿದ: “ಕೈ ಏಳುವ ಮೊದಲೇ ಹೊರಟೆ. ತಪ್ಪು ನನ್ನದು.”

ಮುಖ್ಯಸ್ಥ ನನ್ನ ಕಡೆ ತಿರುಗಿದ. “ಹೌದೇ?”

ಕಾರು ಹೊರಟ ಹೊತ್ತಿನಲ್ಲಿ ಉಳಿದವರೆಲ್ಲ ಬಗ್ಗಿ ತಮ್ಮ ತಮ್ಮ ಚಕ್ರ ನೋಡುತ್ತಿದ್ದರು. ನಿಜ ಗೊತ್ತಿದ್ದವರು ಅವನು, ನಾನು, ಜ್ಯಾಕ್ ಇಳಿಸಿ ತಲೆಯೆತ್ತಿದ್ದ ಭಾಯಿ. ಊರು ನೆನಪಾಯಿತು, ಅವ್ವ ನೆನಪಾದಳು, ಕೆಲಸ ನೆನಪಾಯಿತು.

“ಹೌದು,” ಎಂದೆ.

ಅಷ್ಟಕ್ಕೆ ಅವನ ವೃತ್ತಿ ಮುಗಿಯಿತು. ಲೈಸೆನ್ಸು ತಡೆಹಿಡಿದರು. ಮುಂದೆ ಅದು ವಾಪಸು ಬಂದರೂ ಅವಸರಗೇಡಿ ಎಂಬ ಹೆಸರು ಅಂಟಿದವನಿಗೆ ಯಾವ ತಂಡವೂ ಕಾರು ಕೊಡಲಿಲ್ಲ. ನಾನು ಅದೇ ತಂಡದಲ್ಲಿ ಮತ್ತೆ ಆರು ವರ್ಷ ದುಡಿದೆ.

ಎಂಟು ತಿಂಗಳಾದ ಮೇಲೆ, ನಾನೂ ಭಾಯಿಯೂ ರಜೆಯ ಮೇಲೆ ಊರಿಗೆ ಬಂದಿದ್ದಾಗ, ಅವನು ನಿಂಬರ್ಗಾಕ್ಕೆ ಬಂದ. ನಿನ್ನ ಊರು ನೋಡಬೇಕು ಎಂದಷ್ಟೇ ಫೋನಿನಲ್ಲಿ ಹೇಳಿದ್ದ. ತೊಗರಿ ಕೊಯ್ಯುವ ಕಾಲ. ಹೈದರಾಬಾದಿನಿಂದ ಜೀಪಿನಲ್ಲಿ ಕರೆತಂದೆ. ಆಳಂದ ದಾಟಿ ಇಷ್ಟು ದೂರ ಬರುವ ತನಕ ಒಮ್ಮೆಯೂ ಸ್ಟೀರಿಂಗ್ ಕೇಳಲಿಲ್ಲ. ಹೊಂಡ ಬಂದಾಗಲೆಲ್ಲ ಬಲಗಾಲು ಮಾತ್ರ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಅವ್ವ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅವನ ಎಡಗೈಯ ಮೇಲೆ ಅವಳ ಕಣ್ಣು ನಿಂತಿತು.

“ಯಾರ್ ಮಾಡಿದ್ರು ಇದನ್ನ? ಕೇಳೋ ಅವಗ.”

ನಾನು ಹಿಂದಿಯಲ್ಲಿ ಅವನಿಗೆ ಹೇಳಬೇಕಾಯಿತು: ಇದನ್ನು ಯಾರು ಮಾಡಿದರು ಎಂದು ನಮ್ಮ ತಾಯಿ ಕೇಳುತ್ತಿದ್ದಾಳೆ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. “ನಾನು ಅವಸರ ಮಾಡಿದೆ ಎಂದು ಹೇಳು.”

“ತಾನಽ ಅವಸರ ಮಾಡಿದ್ನಂತವ್ವಾ.”

ಅವ್ವ ಅವನು ತಿನ್ನುವುದನ್ನು ಸ್ವಲ್ಪ ಹೊತ್ತು ನೋಡಿದಳು. “ಸುಳ್ಳ ಹೇಳ್ತಾನ. ಅವಸರದ ಮನಷ್ಯಾ ಹಿಂಗ ಉಣ್ತಾನೇನು? ಪಲ್ಯಾ ಹಾಕು ಅವಗ.”

ನಾನು ಅವನ ತಾಟಿಗೆ ಪಲ್ಯ ಹಾಕಿದೆ.

ಮರುದಿನ ಬೆಳಿಗ್ಗೆ ಭಾಯಿ ಗೊಬ್ಬೂರಿನಿಂದ ಬಂದ. ಮೂವರೂ ನಮ್ಮ ಹೊಲಕ್ಕೆ ಹೋದೆವು. ಹೆಣ್ಣಾಳುಗಳು ತೊಗರಿ ಕೊಯ್ಯುತ್ತಿದ್ದರು. ಟ್ರ್ಯಾಕ್ಟರಿನ ಟ್ರಾಲಿಯ ಪಕ್ಕ ನಿಂತು ನಾನು ಡ್ರೈವರನಿಗೆ ಹೇಳಿದೆ: “ಬೀಗ ಮುಟ್ಟದೆ ಕೈ ಎತ್ತಿದೆ. ಊರಿಗೆ ಕಳಿಸುತ್ತಾರೆಂಬ ಅಂಜಿಕೆಗೆ ಆಸ್ಪತ್ರೆಯಲ್ಲೂ ಸುಳ್ಳು ಹೇಳಿದೆ. ಹೋಗಿ ಅಧಿಕಾರಿಗಳಿಗೆ ಬರೆದುಕೊಡುತ್ತೇನೆ.”

ಮಾತು ಮುಗಿಯುವುದರೊಳಗೆ ಅವನು ನನ್ನ ಕೊರಳಪಟ್ಟಿ ಹಿಡಿದು ಟ್ರಾಲಿಗೆ ಬಡಿದ. ಮೊಣಕೈ ಗಂಟಲಿಗೆ ಒತ್ತಿತ್ತು. ಕಾಲು ನೆಲ ಬಿಟ್ಟಿತು.

“ಏ, ಬರ್ರವ್ವಾ, ಪರದೇಶದವ ನಮ್ಮ ಗೌಡ್ರನ್ನ ಹೊಡ್ಯಾಕತ್ಯಾನ!” ಎಂದು ಹೆಣ್ಣಾಳೊಬ್ಬಳು ಕೂಗಿದಳು. ಇನ್ನೊಬ್ಬಳು ಕುಡಗೋಲು ಹಿಡಿದೇ ಓಡಿಬಂದಳು.

“ಬಿಡ್ರಿ ಸಾಹೇಬ್ರ, ಸತ್ತಗಿತ್ತಾನು!” ಭಾಯಿ ಅವನ ಕುತ್ತಿಗೆಗೆ ಜೋತುಬಿದ್ದ. ಆ ಕುತ್ತಿಗೆ ಅಲುಗಲಿಲ್ಲ.

“ಮುಟ್ಟಬೇಡ ಎಂದು ಬೆಳಿಗ್ಗೆ ನಿನ್ನನ್ನು ಹೊಡೆದವನು ಯಾರು?” ಅವನ ದನಿ ಏರಲಿಲ್ಲ. “ನೀನು ಬರೆದುಕೊಟ್ಟರೆ ಅದನ್ನೂ ಬರೆಯಬೇಕಾಗುತ್ತದೆ. ಅದು ಹೊರಬಂದರೆ ನಾನು ಡ್ರೈವರೇ ಅಲ್ಲ, ಬೆಲ್ಟು ಹಿಡಿದ ನಮ್ಮಪ್ಪ. ನಾನು ಬದುಕಿರುವ ತನಕ ಬಾಯಿ ಬಿಟ್ಟರೆ ನಿನ್ನ ಇನ್ನೊಂದು ಕೈಯನ್ನೂ ಮುರಿಯುತ್ತೇನೆ.”

ಆಮೇಲೆ ಬಿಟ್ಟ. ನನ್ನ ಕೊರಳಪಟ್ಟಿಯನ್ನು ಆ ಮೂರು ಕೂಡಿದ ಬೆರಳುಗಳಿಂದ ನೇರ ಮಾಡಿ, ಕನ್ನಡದಲ್ಲಿ ಕೇಳಿದ: “ಹೌದ್ರಿ?”

“ಹೌದ್ರಿ,” ಎಂದೆ.

ಕುಡಗೋಲಿನವಳಿಗೆ ಭಾಯಿ, “ಏನಿಲ್ಲವ್ವಾ, ಅವ್ರ ದೇಶದಾಗ ಹಿಂಗಽ ಮಾತಾಡ್ತಾರ” ಎಂದು ಹೇಳಿ ಕಳಿಸಿದ.

ತನ್ನ ದೇಶಕ್ಕೆ ಹೋಗಿ ನಮ್ಮ ಡ್ರೈವರ್ ಆಂಬುಲೆನ್ಸ್ ಓಡಿಸುವವರಿಗೆ ತರಬೇತಿ ಕೊಡುವ ಕೆಲಸ ಹಿಡಿದ. ವರ್ಷಕ್ಕೊಮ್ಮೆ ಫೋನು ಬರುತ್ತಿತ್ತು. “ಅವ್ವ ಉಂಡಳೇ?” ಎಂದು ಕೇಳುತ್ತಿದ್ದ. ಅವ್ವ ತೀರಿಕೊಂಡದ್ದನ್ನು ಹೇಳಿದಾಗ ಆ ಕಡೆ ಏನೋ ಒಡೆದ ಸದ್ದಾಯಿತು.

ಕಳೆದ ಚಳಿಗಾಲದಲ್ಲಿ ಅವನ ತಂಗಿಯಿಂದ ಸಂದೇಶ ಬಂತು. ಸೈಕಲ್ ಮೇಲೆ ಹೋಗುತ್ತಿದ್ದವನಿಗೆ ಹಿಂದಿನಿಂದ ಲಾರಿ ಹೊಡೆದು ಅಲ್ಲೇ ಪ್ರಾಣ ಹೋಗಿತ್ತು. ಕೆಳಗೆ ಇನ್ನೊಂದು ಸಾಲಿತ್ತು: “ಅಂದಿನ ರೇಸಿನಲ್ಲಿ ಅಣ್ಣ ತನ್ನ ಅವಸರದಿಂದಲೇ ಕೆಟ್ಟ ಎಂದು ಇಲ್ಲಿಯ ಪತ್ರಿಕೆ ಬರೆದಿದೆ. ನೀವು ಆ ದಿನ ಅಲ್ಲಿದ್ದಿರಿ. ಅದು ನಿಜವೇ?”

ಎರಡು ದಿನ ನನ್ನ ಕೆಲಸಗಳ ಕ್ರಮ ತಪ್ಪಿತು. ಮೂರನೆಯ ದಿನ ಭಾಯಿಗೆ ಫೋನು ಮಾಡಿದೆ. ಅವನು ಈಗ ಜೇವರ್ಗಿಯಲ್ಲಿ ಟೈರಿನ ಅಂಗಡಿ ಇಟ್ಟಿದ್ದಾನೆ.

“ಬರೀರಿ ಅಣ್ಣಾ,” ಎಂದ. “ಕೈ ಮುರಿಯಾಂವ ಹೋದ. ಇನ್ನ ಯಾರಿಗಿ ಅಂಜ್ತೀರಿ?”

“ತಂಗಿ ಏನಂದಾಳು?”

“ಬೈತಾಳ. ಬೈಸ್ಕೋರಿ. ಮತ್ತ ಪಟ್ಟಿ ಕಟ್ಟಿದವ ನಾನು ಅಂತನೂ ಬರೀರಿ. ನೀವೊಬ್ರೇ ಬೈಸ್ಕೊಂಡು ಕೂಡಬ್ಯಾಡ್ರಿ.”

ಮರುದಿನ ಐದಕ್ಕೆ ಎದ್ದು ಬರೆದೆ. ಮೊದಲು ಬೆಳಗಿನ ಹೆಲ್ಮೆಟ್ಟು, ಆಮೇಲೆ ಪಟ್ಟಿ, ಗನ್ನು, ಮುಟ್ಟದ ಬೀಗ, ಎತ್ತಿದ ಕೈ, ಆಸ್ಪತ್ರೆಯಲ್ಲಿ ನಾನಂದ ಹೌದು. ನಡೆದ ಕ್ರಮದಲ್ಲೇ ಬರೆದೆ. ನಿಮ್ಮಣ್ಣ ಅವಸರ ಮಾಡಲಿಲ್ಲ, ನನ್ನ ಕೈ ನೋಡಿಯೇ ಹೊರಟ ಎಂದು ಮುಗಿಸಿ, ಬೈಗುಳಕ್ಕೆ ಕಾದು ಕೂತೆ.

ಮಧ್ಯಾಹ್ನ ಉತ್ತರ ಬಂತು. ಬೈಗುಳ ಇರಲಿಲ್ಲ. “ನಾನು ಒಬ್ಬನ ಕೈ ಮುರಿದೆ ಎಂದು ಅಣ್ಣ ಆಗಾಗ ಹೇಳುತ್ತಿದ್ದ. ಯಾರದೆಂದು ಎಷ್ಟು ಕೇಳಿದರೂ ಹೇಳಲಿಲ್ಲ. ಆ ಕೈ ಈಗ ಹೇಗಿದೆ?”

ಚಳಿಯಲ್ಲಿ ನೋಯುತ್ತದೆ ಎಂದು ಅದೇ ಕೈಯಿಂದ ಬರೆದೆ.