ಗೊಂಬೆಮನೆಗೆ ಗಿಣಿಹಸಿರು ಕಪಾಟು

ಅವ್ವನ ಬಲಗೈ ಹೆಬ್ಬೆರಳಿನ ಉಗುರು ಹಳೆಯ ಪಾವಲಿಯಷ್ಟು ದಪ್ಪಗಿತ್ತು. ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ರಟ್ಟು ಮಡಚಿ ಮಡಚಿ ಹಾಗಾದ ಉಗುರು. ಅದನ್ನು ಒಮ್ಮೆ ಎಳೆದರೆ ಸಾಕು, ಸ್ಕೇಲಿಟ್ಟು ಗೆರೆ ಹೊಡೆದಂತೆ ಮಡಿಕೆ ಬೀಳುತ್ತಿತ್ತು. ಕೆಲಸ ಬಿಟ್ಟ ಮೇಲೂ ಆ ಉಗುರು ಸುಮ್ಮನಿರಲಿಲ್ಲ. ನಮ್ಮ ಮನೆಯಲ್ಲಿ ಕೂತರೆ ಮದುವೆ ಕಾರ್ಡೋ, ಬಿಸ್ಕತ್ತಿನ ಪೊಟ್ಟಣವೋ, ಕೈಗೆ ಸಿಕ್ಕಿದ್ದು ಅವಳು ಏಳುವಷ್ಟರಲ್ಲಿ ಪುಟ್ಟ ಪೆಟ್ಟಿಗೆಯಾಗಿರುತ್ತಿತ್ತು.

ಥಾಣೆ ಹತ್ತಿರದ ಕಳವಾ ಎಂಬ ಊರಿನ ಗಲ್ಲಿಯಲ್ಲಿ ಅವಳು ನಮ್ಮ ಪಕ್ಕದ ಖೋಲಿಯವಳು. ಇಡೀ ಗಲ್ಲಿಗೆ ಅವಳು ಅವ್ವನೇ. ನಾವು ಉಡುಪಿಯವರು, ಮನೆಯಲ್ಲಿ ತುಳು. ಮಗಳ ಬಾಯಲ್ಲಿ ಬರೀ ಹಿಂದಿ. ಅವ್ವ ವಿಜಯಪುರದ ಕಡೆಯವಳು. ಮೊದಮೊದಲು ಅವಳ ಕನ್ನಡ ನನಗೆ ಅರ್ಧ ಮಾತ್ರ ತಿಳಿಯುತ್ತಿತ್ತು, ಬೈಗುಳವಾದರೆ ಪೂರ್ತಿ ತಿಳಿಯುತ್ತಿತ್ತು. ಅವಳ ಖೋಲಿಯಲ್ಲಿ ಒಲೆ ಇದ್ದದ್ದು ಬಾಗಿಲಿಗೆ ತಾಗಿದ ಮೂಲೆಯಲ್ಲಿ. ಒಳಗೆ ಟ್ರಂಕು, ಹಾಸಿಗೆ, ನೀರಿನ ಡ್ರಮ್ಮು ತುಂಬಿದ ಮೇಲೆ ಅಡುಗೆ ಮಾಡುವವಳಿಗೆ ಉಳಿದದ್ದು ಹೊಸ್ತಿಲು ಮಾತ್ರ. ಅದರ ಮೇಲೆ ಓರೆಯಾಗಿ ಕೂತು, ಕಾಲನ್ನು ಹೊರಗೆ ಗಲ್ಲಿಗೆ ಚಾಚಿ, ಕೈ ಒಳಗಿಟ್ಟು ರೊಟ್ಟಿ ಬಡಿಯುತ್ತಿದ್ದಳು. ಆ ಕಾಲು ದಾಟಿಕೊಂಡೇ ನಾವೆಲ್ಲ ನಲ್ಲಿಗೆ ಹೋಗುತ್ತಿದ್ದೆವು. ಹಿಂಜರಿದವರಿಗೆ, “ದಾಟ್ರಿ, ದಾಟ್ರಿ. ನಾ ಇನ್ನೇನ್ ಉದ್ದ ಬೆಳೀಬೇಕಾಗೈತಿ?” ಅನ್ನುತ್ತಿದ್ದಳು.

ಮಗಳ ಹುಟ್ಟುಹಬ್ಬಕ್ಕೆ ನಾನು ಥಾಣೆಯಿಂದ ಮರದ ಗೊಂಬೆಮನೆ ತಂದೆ. ಅದರ ಕೋಣೆಗಳನ್ನು ಬಿಡಿಬಿಡಿಯಾಗಿ ಹೊರತೆಗೆಯಬಹುದಿತ್ತು. ಬೆಡ್‌ರೂಮಿಗೆ ಮಂಚವಿತ್ತು, ಹಾಲಿಗೆ ಸೋಫಾ ಇತ್ತು, ಅಡುಗೆಕೋಣೆ ಮಾತ್ರ ಬೋಳು. ಅವ್ವ ಬಗ್ಗಿ ನೋಡಿ ಗಲ್ಲಕ್ಕೆ ಕೈಯಿಟ್ಟಳು. “ಇದೇನ್ ಮನಿನs? ಒಂದು ಡಬ್ಬಿ ಇಡಾಕ ಜಾಗ ಇಲ್ಲ! ಇವರೇನ್ ಮೂರು ಹೊತ್ತೂ ವಡಾಪಾವ್ ತಿಂದು ಮಲಗ್ತಾರೇನ?”

ಆ ವಾರವೇ ಅವಳ ಮಗನಿಗೆ ಡೊಂಬಿವಲಿಯ ಹೊಸ ಫ್ಲ್ಯಾಟಿನ ಕೀಲಿ ಸಿಕ್ಕಿತ್ತು. ಅವನು ಬಂದು ಹೇಳಿದ: “ಅವ್ವಾ, ಅಡಗಿಮನಿ ನಿಂದು. ಕಪಾಟು ಹ್ಯಾಂಗ ಬೇಕು ನೀನs ಹೇಳು. ರವಿವಾರ ಮಿಸ್ತ್ರಿ ಬರ್ತಾನ. ಒಮ್ಮೆ ಗ್ವಾಡಿಗೆ ಬಡದ್ರ ಮುಗೀತು, ಮತ್ತ ಬಿಚ್ಚಾಕ ಆಗೂದಿಲ್ಲ.”

ಅವನು ಹೋದ ಮೇಲೆ ಅವ್ವ ನಮ್ಮ ಮನೆಗೆ ಬಂದು ಕಂಗಾಲಾಗಿ ಕೂತಳು. “ಹ್ಯಾಂಗ ಬೇಕು ಅಂದ್ರ ಏನ್ ಹೇಳ್ಲಿ? ಇದ್ದದ್ರಾಗ ಹ್ಯಾಂಗ ಮಾಡೂದು ಕೇಳು, ಹೇಳ್ತೀನಿ. ಬೇಕಾದದ್ದು ಯಾರು ಕೇಳಿದ್ರು ಇಷ್ಟು ದಿನ?” ಅಷ್ಟರಲ್ಲಿ ಅವಳ ಕಣ್ಣು ಆ ಬೋಳು ಅಡುಗೆಕೋಣೆಯ ಮೇಲೆ ಬಿತ್ತು. ಉಗುರು ಚುರುಕಾಯಿತು. “ಮೊದ್ಲು ಇದ್ರಾಗ ಮಾಡಿ ನೋಡೂಣು. ಚಲೋ ಕಂಡ್ರ ಡೊಂಬಿವಲಿಗೆ ಒಯ್ಯೂದು. ಮನಿ ಕಟ್ಟಿ ನೋಡು ಅಂದಾರಲ್ಲ, ತಪ್ಪಾದ್ರ ಗೊಂಬಿ ಏನ್ ಬೈಯೂದಿಲ್ಲ.”

ಆ ವಾರದ ಗೌಜನ್ನು ಏನೆಂದು ಹೇಳಲಿ! ಆಫೀಸಿನಲ್ಲಿ ಕೂತರೂ ನನಗೆ ಕಪಾಟಿನದೇ ಧ್ಯಾನ. ಸಂಜೆ ಬರುವ ದಾರಿಯಲ್ಲಿ ಕೋಪರಿ ಪೇಟೆಯಲ್ಲಿ ಇಳಿದು ಹಾರ್ಡ್‌ವೇರ್ ಅಂಗಡಿಯಲ್ಲಿ ಲ್ಯಾಮಿನೇಟಿನ ತುಂಡು ಬೇಡಿದೆ. ಯಾವ ಸೈಟಿಗೆ ಎಂದು ಕೇಳಿದವನಿಗೆ ಗೊಂಬೆಮನೆ ಎನ್ನಲು ನಾಚಿ “ಡೊಂಬಿವಲಿ” ಎಂದೆ. ನಾನು ಬೂದು ಬಣ್ಣ ಒಳ್ಳೆಯದು ಅಂದೆ, ಅದೇ ಈಗ ಎಲ್ಲ ಕಡೆ. ಅವ್ವ ಗದರಿದಳು: “ಅಡಗಿಮನಿಗೆ ಬೂದಿ ಬಳೀತಾರೇನ? ಗಿಣಿಹಸಿರು ಹಚ್ಚು!” ಬೆಂಕಿಪೆಟ್ಟಿಗೆಗಳು ಡ್ರಾಯರ್ ಆದವು. ಮಣಿಗಳು ಹಿಡಿಕೆಯಾದವು. ಅವ್ವ ತನ್ನ ಹರಿದ ಸೀರೆಯ ಅಂಚಿನಿಂದ ಬಾಗಿಲಿನ ಕೀಲು ಮಾಡಿದಳು. ಮೊದಲ ಬಾಗಿಲು ತೆರೆದು ಮುಚ್ಚಿದಾಗ ನಾವು ಮೂವರೂ ಕೂಗಿದ ಕೂಗಿಗೆ ಪಕ್ಕದವರು ಕ್ರಿಕೆಟ್ ಗೆದ್ದರೇನೋ ಎಂದು ಓಡಿ ಬಂದರು.

ಶನಿವಾರ ಸಂಜೆ ಅಡುಗೆಕೋಣೆ ಸಿದ್ಧವಾಯಿತು. ಮೂರೂ ಗೋಡೆಗೆ ನೆಲದಿಂದ ಸೂರಿನವರೆಗೆ ಕಪಾಟು. ಜೋಳಕ್ಕೊಂದು, ಬೇಳೆಗೊಂದು, ಶೇಂಗಾ ಹಿಂಡಿಗೊಂದು, ನೆಂಟರು ಬಂದರೆ ತೆಗೆಯುವ ತಟ್ಟೆಗೊಂದು. ಒಂದು ಇಂಚೂ ದಂಡವಾಗಿರಲಿಲ್ಲ. ಅವ್ವ ಸೊಂಟಕ್ಕೆ ಕೈಯಿಟ್ಟು ಅರಮನೆಯೊಡತಿಯ ಹಾಗೆ ನಿಂತಿದ್ದಳು. ಮಗಳು ಗೊಂಬೆ ತಂದು ಒಳಗಿಡಲು ಹೋದಳು. ಗೊಂಬೆಗೆ ಜಾಗ ಸಾಲಲಿಲ್ಲ. ಓರೆ ಮಾಡಿದಳು, ಆಗಲಿಲ್ಲ. ಕೊನೆಗೆ ಬಾಗಿಲಾಚೆ ನಿಲ್ಲಿಸಿ, ಗೊಂಬೆ ಒಳಗೆ ನಿಲ್ಲುವುದೆಲ್ಲಿ ಎಂದು ತನ್ನ ಹಿಂದಿಯಲ್ಲಿ ಕೇಳಿದಳು: “ಅವ್ವಾ, ಗುಡಿಯಾ ಅಂದರ್ ಖಡೀ ಕಿಧರ್ ರಹೇಗೀ?”

ಅವ್ವ ಕಣ್ಣು ಪಿಳಿಪಿಳಿ ಬಿಟ್ಟಳು. ನಾನು ನಗಲು ಬಾಯಿ ತೆರೆದವಳು ಅವಳ ಮುಖ ನೋಡಿ ಮುಚ್ಚಿದೆ. ಆಮೇಲೆ ಅವಳೇ ನಕ್ಕಳು, ಹೊಟ್ಟೆ ಹಿಡಿದುಕೊಂಡು. “ಅಯ್ಯ ನನ್ನವ್ವ! ಉಪ್ಪಿನ ಡಬ್ಬಿಗೂ ಜಾಗ ಮಾಡೀನಿ, ನನಗs ಮರತೀನಲ್ಲ! ಹೊರಗ ಕಾಲು ಚಾಚಿ ಚಾಚಿ, ಅಡಗಿಮನ್ಯಾಗ ಮನಶಾರೂ ಇರ್ತಾರ ಅನ್ನೂದs ಹಾರಿಹೋಗೇತಿ.” ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೆ ಸಂಕಟವಾಯಿತು. ಅಷ್ಟು ವರ್ಷ ಆ ಕಾಲು ದಾಟಿದ್ದೆ, ಅದು ಯಾಕೆ ಹೊರಗಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅವ್ವ ತಡಮಾಡಲಿಲ್ಲ. ಕಿಟಕಿಯ ಕಡೆಯ ಕಪಾಟುಗಳನ್ನೆಲ್ಲ ಪಟಪಟ ಕಿತ್ತಳು. ಅಲ್ಲಿ ಒಂದು ಬೆಂಕಿಪೆಟ್ಟಿಗೆಯನ್ನು ಕವುಚಿ ಇಟ್ಟು ಮಣೆ ಮಾಡಿದಳು. ಗೊಂಬೆಯನ್ನು ಕೂರಿಸಿ, “ಈಗ ರೊಟ್ಟಿ ಬಡಿ, ಮಹಾರಾಣಿ” ಎಂದಳು.

ಮರುದಿನ ಆ ಅಡುಗೆಕೋಣೆಯನ್ನು ಎದೆಗವಚಿಕೊಂಡು ಲೋಕಲ್ ರೈಲು ಹತ್ತಿದೆವು. ಲೇಡೀಸ್ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಷ್ಟರಲ್ಲಿ ಒಬ್ಬಾಕೆ ಮರಾಠಿಯಲ್ಲಿ, “ಅಗಂ ಬಾಜೂಲಾ ವ್ಹಾ, ಕಿಚನ್ ಆಲಂ!” ಸರೀರಿ, ಅಡುಗೆಮನೆ ಬಂತು, ಎಂದು ಕೂಗಿದ್ದೇ ತಡ, ನಗುತ್ತ ಎಲ್ಲರೂ ಸರಿದರು. ಕಿಟಕಿ ಪಕ್ಕದವಳು ಎದ್ದು ಸೀಟು ಕೊಟ್ಟಳು. ಡೊಂಬಿವಲಿ ಬರುವವರೆಗೆ ಅವ್ವ ಗುರುತಿಲ್ಲದವರಿಗೆಲ್ಲ ಕಪಾಟು ತೆರೆದು ತೋರಿಸುತ್ತಲೇ ಇದ್ದಳು.

ಮಿಸ್ತ್ರಿ ಅದನ್ನು ಮೆಚ್ಚಿದ. ಆದರೆ ಕಿಟಕಿಯ ಕಡೆ ಬೆರಳಿಟ್ಟು, “ಮಾಜೀ, ಇತನೀ ಜಗಹ್ ಖಾಲೀ? ಪೂರಾ ಸ್ಟೋರೇಜ್ ವೇಸ್ಟ್ ಹೋಗಾ” ಎಂದ. ಮಗನೂ ಹೌದೆಂದು ತಲೆಯಾಡಿಸಿದ. ನಾನು ಅವ್ವನ ಮುಖ ನೋಡಿದೆ. ಯಾರು ಏನಂದರೂ ಇದ್ದದ್ದರಲ್ಲಿ ಹೊಂದಿಸಿಕೊಂಡೇ ಬಂದವಳು ಅವಳು. ಅವ್ವ ತನ್ನ ಮುರುಕು ಹಿಂದಿಯಲ್ಲಿ, ಗಟ್ಟಿಯಾಗಿ ಹೇಳಿದಳು:

“ಖಾಲೀ ನಹೀ ಹೈ. ಉಧರ್ ಮೈ ಹೂಂ.”

ಮಿಸ್ತ್ರಿ ಟೇಪು ಬಿಚ್ಚಿದ, ಅವ್ವ ಇರುವ ಆ ಜಾಗ ಬಿಟ್ಟು ಅಳೆದ.

ಆ ಗಿಣಿಹಸಿರು ಅಡುಗೆಮನೆಯಲ್ಲಿ ಅವ್ವ ಕೆಲವು ವರ್ಷ ಮೆರೆದಳು. ಫೋನು ಮಾಡಿದಾಗಲೆಲ್ಲ, “ಎಲ್ಲಿದ್ದೀ ಅವ್ವಾ?” ಎಂದರೆ “ನನ್ನ ಜಾಗದಾಗ” ಅನ್ನುತ್ತಿದ್ದಳು. ಹೋದ ವರ್ಷ ತೀರಿಕೊಂಡಳು. ಜ್ವರ ಬಂದದ್ದೇ ನೆಪ. ಕೊನೆಗೆ ಒಂದು ಸಲ ನೋಡಲೂ ಆಗಲಿಲ್ಲ.

ಮೊನ್ನೆ ಮಗಳನ್ನು ಕರೆದುಕೊಂಡು ಡೊಂಬಿವಲಿಗೆ ಹೋಗಿದ್ದೆ. ಅವ್ವನ ಸೊಸೆ ಟೀಗೆ ಇಟ್ಟಳು. ಕಪಾಟಿನಲ್ಲಿ ಹಿಡಿಸದ ಡಬ್ಬಿಗಳು ಫ್ರಿಜ್ಜಿನ ಮೇಲೆ, ಹಾಲ್‌ನ ಮೂಲೆಯಲ್ಲಿ ಪೇರಿಸಿದ್ದವು. ಕಿಟಕಿಯ ಪಕ್ಕ ಮಾತ್ರ ಒಂದು ಮಣೆ ಬಿಟ್ಟರೆ ಏನೂ ಇರಲಿಲ್ಲ. ಕಳವಾ ಗಲ್ಲಿಯ ರೂಢಿ, ನಾನು ಮಾತಾಡುತ್ತ ಹೊಸ್ತಿಲಲ್ಲೇ ನಿಂತಿದ್ದೆ. ಸೊಸೆ ತಿರುಗಿ ನೋಡಿದಳು.

“ಅಲ್ಯಾಕ ನಿಂತೀರಕ್ಕ? ಒಳಗ ಬರ್ರಿ. ಇಲ್ಲಿ ಜಾಗ ಐತಿ.”

ಹೋಗಿ ಆ ಮಣೆಯ ಮೇಲೆ, ಎರಡೂ ಕಾಲು ಒಳಗಿಟ್ಟುಕೊಂಡು ಕೂತೆ.